ಹಕ್ಕಲು ತೆನೆ, ಹಿಡಿ ಅಕ್ಕಿ: ಶಿವಮೊಗ್ಗ–ಭದ್ರಾವತಿಯಲ್ಲಿ ಅನಾಥರ ಪಾಲಿನ ಚರಿತ್ರೆ

ಪೈರು ಕೊಯ್ದು ಸಿವುಡು ಕಟ್ಟಿ ಕಣಕ್ಕೆ ಸಾಗಿಸಿದ ಮೇಲೆ ಗದ್ದೆಯಲ್ಲಿ ಉದುರಿ ಉಳಿಯುವ ತೆನೆಗೆ ಕನ್ನಡದಲ್ಲಿ ಹಕ್ಕಲು ಎಂಬ ಹೆಸರಿದೆ. ಅದನ್ನು ಮಡಿಲಿಗೆ ಆಯ್ದುಕೊಳ್ಳುವವರು ಸ್ವಂತ ಗದ್ದೆಯಿಲ್ಲದ ಹೆಂಗಸರು ಮತ್ತು ಮಕ್ಕಳು. ಬೈಬಲನ್ನು ಕನ್ನಡಕ್ಕೆ ತಂದವರಿಗೆ ಈ ಮಾತು ಸಿದ್ಧವಾಗಿಯೇ ಸಿಕ್ಕಿತು. ಯಾಜಕಕಾಂಡದ 19 ಮತ್ತು 23ನೇ ಅಧ್ಯಾಯಗಳು ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಹಕ್ಕಲನ್ನು ಒಡೆಯ ಆರಿಸಿಕೊಳ್ಳಬಾರದು ಎಂದು ವಿಧಿಸುತ್ತವೆ. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಒಂದು ಸಿವುಡನ್ನು ಹೊಲದಲ್ಲಿ ಮರೆತು ಬಂದರೆ ಅದಕ್ಕಾಗಿ ಹಿಂದಿರುಗಿ ಹೋಗುವಂತಿಲ್ಲ. ಎಣ್ಣೆಮರದ ಕಾಯನ್ನು ಒಮ್ಮೆ ಉದುರಿಸಿದ ಮೇಲೆ ಕೊಂಬೆಗಳನ್ನು ಮತ್ತೆ ತಡಕುವಂತಿಲ್ಲ. ದ್ರಾಕ್ಷಿತೋಟದಲ್ಲೂ ಎರಡನೇ ಸಲ ಕೈಯಾಡಿಸುವಂತಿಲ್ಲ. ಉಳಿದದ್ದು ಪರದೇಶಿಯದು, ತಂದೆಯಿಲ್ಲದ ಮಗುವಿನದು, ವಿಧವೆಯದು.

ಈ ಮೂವರ ಹೆಸರು ಮೋಶೆಯ ಧರ್ಮಶಾಸ್ತ್ರದಲ್ಲಿ ಮತ್ತೆ ಮತ್ತೆ ಒಟ್ಟಾಗಿಯೇ ಬರುತ್ತದೆ. ಅಂದಿನ ಸಮಾಜದಲ್ಲಿ ಭೂಮಿಯೂ ನ್ಯಾಯಸ್ಥಾನದ ಮಾತೂ ಮನೆಯ ಯಜಮಾನನ ಕೈಯಲ್ಲಿದ್ದವು. ಆತ ಇಲ್ಲದ ಮನೆಯವರಿಗೂ ಬೇರೆ ಸೀಮೆಯಿಂದ ಬಂದು ನೆಲೆಸಿದವರಿಗೂ ಪರವಾಗಿ ನಿಂತು ಮಾತಾಡುವವರು ಇರಲಿಲ್ಲ. ಹೀಬ್ರೂವಿನ ‘ಯಾತೋಮ್’ ಎಂಬ ಮಾತು ಮುಖ್ಯವಾಗಿ ತಂದೆಯಿಲ್ಲದ ಮಗುವನ್ನು ಹೇಳುತ್ತದೆ. ಅರಬ್ಬಿಯ ‘ಯತೀಮ್’ ಅದರ ಸೋದರಪದ, ಕನ್ನಡನಾಡಿನ ಊರೂರಿನ ಯತೀಮ್‌ಖಾನೆಗಳ ಹೆಸರಿನಲ್ಲಿರುವುದೂ ಅದೇ. ಕನ್ನಡದ ‘ಅನಾಥ’ ನಾಥನಿಲ್ಲದವನು. ‘ತಬ್ಬಲಿ’ ತಾಯಿಯಿಲ್ಲದ ಕರುವಿನ ನೆನಪು ತರುವ ಮಾತು, ಪುಣ್ಯಕೋಟಿಯ ಹಾಡು ಕೇಳಿ ಬೆಳೆದ ಮಕ್ಕಳಿಗೆಲ್ಲ ಅದು ಗೊತ್ತು. ಇವೆಲ್ಲಕ್ಕಿಂತ ಗಮನಿಸಬೇಕಾದದ್ದು ‘ಪರದೇಶಿ’. ಬೇರೆ ನಾಡಿನವನು ಎಂಬ ಮೂಲ ಅರ್ಥದ ಜೊತೆಗೆ ಆಡುಮಾತಿನಲ್ಲಿ ಅದಕ್ಕೆ ದಿಕ್ಕಿಲ್ಲದವನು ಎಂಬ ಅರ್ಥವೂ ಬಂದಿದೆ. ತಾಯಿ ಸತ್ತು ಮಗು ಪರದೇಶಿಯಾಯಿತು ಎಂದು ಹೇಳುವವರು ಬೈಬಲಿನ ಆ ಮೂರು ಹೆಸರುಗಳಲ್ಲಿ ಎರಡನ್ನು ತಮಗೆ ತಿಳಿಯದೆಯೇ ಒಂದು ಮಾಡಿರುತ್ತಾರೆ. ಭದ್ರಾವತಿಯಂಥ ಊರಿನ ಚರಿತ್ರೆ ಓದುವಾಗ ಈ ಬೆಸುಗೆ ನೆನಪಿನಲ್ಲಿರಬೇಕು.

ಹಕ್ಕಲಿನ ಕಟ್ಟಳೆ ಒಂದೇ ಅಲ್ಲ. ಮೂರು ವರ್ಷಕ್ಕೊಮ್ಮೆ ಬೆಳೆಯ ದಶಮಾಂಶವನ್ನು ಊರಬಾಗಿಲಿನಲ್ಲೇ ಕೂಡಿಟ್ಟು ದೇವರ ಸೇವೆಗೆ ಮೀಸಲಾದ ಕುಲದ ಲೇವಿಯರಿಗೂ ಈ ಮೂವರಿಗೂ ಹೊಟ್ಟೆತುಂಬ ಕೊಡಬೇಕಿತ್ತು. ಕೊಟ್ಟವನು ದೇವರ ಮುಂದೆ ನಿಂತು, ಅವರ ಪಾಲನ್ನು ತನ್ನ ಮನೆಯಿಂದ ಹೊರಗೆ ತೆಗೆದು ಕೊಟ್ಟಿದ್ದೇನೆ ಎಂದು ಅರಿಕೆ ಮಾಡಬೇಕಿತ್ತು. ಆ ಧಾನ್ಯ ಅವನ ಮನೆಯಲ್ಲಿದ್ದರೂ ಅವನದಾಗಿರಲಿಲ್ಲ ಎಂಬ ತಿಳಿವಳಿಕೆ ಈ ಅರಿಕೆಯ ಬೆನ್ನಿಗಿದೆ. ಒತ್ತೆಯಿಟ್ಟುಕೊಂಡ ಕಂಬಳಿಯನ್ನು ಹೊತ್ತು ಮುಳುಗುವ ಮೊದಲು ಹಿಂದಕ್ಕೆ ಕೊಡಬೇಕು, ಏಕೆಂದರೆ ಬಡವನಿಗೆ ರಾತ್ರಿಯ ಹೊದಿಕೆ ಅದೊಂದೇ. ವಿಧವೆಯ ಬಟ್ಟೆಯನ್ನಂತೂ ಒತ್ತೆಗೆ ಕೇಳಲೇಬಾರದು. ಕೂಲಿಯವನು ಸ್ವದೇಶದವನಾಗಲಿ ಪರದೇಶಿಯಾಗಲಿ, ಅಂದಿನ ಕೂಲಿ ಅಂದೇ ಸಲ್ಲಬೇಕು. ಜ್ಞಾನೋಕ್ತಿಗಳ 23ನೇ ಅಧ್ಯಾಯ ಅನಾಥರ ಹೊಲದ ಮೇರೆಯನ್ನು ಒತ್ತಬಾರದೆಂದು ಎಚ್ಚರಿಸುತ್ತದೆ. ತಂದೆ ತೀರಿಕೊಂಡ ವರ್ಷವೇ ದಾಯಾದಿಗಳು ಬಾಂದುಕಲ್ಲನ್ನು ಒಂದು ಗೇಣು ಈಚೆ ನೆಡುವುದನ್ನು ಕಂಡ ಹಳ್ಳಿಯವರಿಗೆ ಆ ಎಚ್ಚರಿಕೆಗೆ ವ್ಯಾಖ್ಯಾನ ಬೇಕಿಲ್ಲ.

ಕಟ್ಟಳೆ ಬದುಕಿನಲ್ಲಿ ಹೇಗೆ ನಡೆಯಿತು ಎಂಬುದಕ್ಕೆ ರೂತಳ ಪುಸ್ತಕ ಸಾಕ್ಷಿ. ಮೋವಾಬಿನ ರೂತಳು ವಿಧವೆಯೂ ಹೌದು, ಪರದೇಶಿಯೂ ಹೌದು. ಬೇತ್ಲೆಹೇಮಿನಲ್ಲಿ ಬೋವಜನ ಹೊಲದಲ್ಲಿ ಆಕೆ ಹಕ್ಕಲಾಯುವಾಗ, ಬೋವಜ ತನ್ನ ಆಳುಗಳಿಗೆ ಸಿವುಡಿನಿಂದಲೂ ಕೆಲವು ತೆನೆಗಳನ್ನು ಬೇಕೆಂದೇ ಜಾರಿಸಿ ಬಿಡಲು, ಆಕೆಯನ್ನು ಗದರದಿರಲು ಹೇಳಿಡುತ್ತಾನೆ. ಸಂಜೆ ಬಡಿದು ಅಳೆದಾಗ ಹೆಚ್ಚುಕಡಿಮೆ ಒಂದು ಏಫಾ ಜವೆಗೋದಿ ಆಗಿತ್ತು, ಈಗಿನ ಲೆಕ್ಕದಲ್ಲಿ ಇಪ್ಪತ್ತು ಲೀಟರಿಗೂ ಮೇಲೆ. ಒಂದು ದಿನ ಬಾಗಿ ಆಯ್ದ ಹಕ್ಕಲಿಗೆ ಇದು ಬಹಳ. ಆ ಹಕ್ಕಲನ್ನು ಆಕೆ ಬೇಡಲಿಲ್ಲ, ಆತ ಕರೆದು ಕೈಗೆ ಹಾಕಲಿಲ್ಲ. ಆಕೆಯ ಮಾನ ಉಳಿಯುವ ಹಾಗೆ ಪಾಲು ತಲುಪಿತು.

ಪ್ರವಾದಿಗಳ ಕಾಲಕ್ಕೆ ಈ ಕಟ್ಟಳೆಗಳು ಸಡಿಲವಾಗಿದ್ದವು. ಅನಾಥನಿಗೆ ನ್ಯಾಯ ದೊರಕಿಸದ ಹಬ್ಬಗಳೂ ಹೋಮಗಳೂ ದೇವರಿಗೆ ಬೇಡವೆಂದು ಯೆಶಾಯ ತನ್ನ ಗ್ರಂಥದ ಮೊದಲ ಅಧ್ಯಾಯದಲ್ಲೇ ಸಾರಿದ. ಯೋಬನ ಪುಸ್ತಕ ಸಾಲಕ್ಕಾಗಿ ಎಳೆಮಕ್ಕಳನ್ನು ಹೊತ್ತೊಯ್ಯುವವರನ್ನು ದೂರುತ್ತದೆ; ಅರಸುಗಳ ಎರಡನೇ ಪುಸ್ತಕದಲ್ಲಿ ಒಬ್ಬ ವಿಧವೆ ತನ್ನ ಇಬ್ಬರು ಮಕ್ಕಳನ್ನು ಸಾಲಿಗ ಆಳುಗಳಾಗಿ ಒಯ್ಯಲು ಬಂದಿದ್ದಾನೆಂದು ಪ್ರವಾದಿ ಎಲೀಷನ ಮುಂದೆ ಗೋಳಾಡುತ್ತಾಳೆ. ಜೀತವನ್ನು ಕಣ್ಣಾರೆ ಕಂಡ ಮಲೆನಾಡಿಗೆ ಈ ಗೋಳು ಹೊಸದಾಗಿರಲಿಲ್ಲ. ಅಪ್ಪನ ಸಾಲಕ್ಕೆ ಮಗ ದುಡಿಯುವ ಆ ಪದ್ಧತಿ ಭಾರತದಲ್ಲಿ ಕಾನೂನಿನ ಪ್ರಕಾರ ಕೊನೆಗೊಂಡದ್ದು 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆಯಿಂದ.

ಹೊಸ ಒಡಂಬಡಿಕೆಯ ಹೊತ್ತಿಗೆ ಹೊಲದ ಜಾಗವನ್ನು ಪಟ್ಟಣ, ತೆನೆಯ ಜಾಗವನ್ನು ನಾಣ್ಯ ಹಿಡಿಯಿತು. ದೇವಾಲಯದ ಬೊಕ್ಕಸಕ್ಕೆ ಬಡ ವಿಧವೆಯೊಬ್ಬಳು ಹಾಕಿದ ಎರಡು ಕಾಸನ್ನು ಯೇಸು ಶ್ರೀಮಂತರ ಕಾಣಿಕೆಗಿಂತ ಹೆಚ್ಚೆಂದು ಎಣಿಸಿದ್ದು ಮಾರ್ಕನ ಸುವಾರ್ತೆಯಲ್ಲಿದೆ. ಮತ್ತಾಯನ 25ನೇ ಅಧ್ಯಾಯದಲ್ಲಿ ಹಸಿದವರಿಗೆ, ಬಾಯಾರಿದವರಿಗೆ, ಪರದೇಶಿಗೆ, ಬಟ್ಟೆಯಿಲ್ಲದವರಿಗೆ, ರೋಗಿಗೆ, ಸೆರೆಯಲ್ಲಿರುವವರಿಗೆ ಮಾಡಿದ್ದು ತನಗೇ ಮಾಡಿದ್ದೆಂದು ಆತ ಹೇಳುತ್ತಾನೆ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ಒಂದು ಕಹಿ ಜಗಳವನ್ನು ಮುಚ್ಚಿಡದೆ ದಾಖಲಿಸಿದೆ: ಯೆರೂಸಲೇಮಿನ ಸಭೆಯ ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ಪಾಲು ತಪ್ಪುತ್ತಿದೆ ಎಂಬ ಗುಣುಗುಟ್ಟು. ಅದಕ್ಕಾಗಿಯೇ ಏಳು ಮಂದಿಯನ್ನು ಆರಿಸಿ ಹಂಚಿಕೆಯ ಹೊಣೆ ವಹಿಸಲಾಯಿತು. ಕ್ರೈಸ್ತ ಸಭೆಯ ಇತಿಹಾಸದಲ್ಲಿ ಆಡಳಿತಕ್ಕೆಂದು ನಡೆದ ಮೊದಲ ನೇಮಕಗಳಲ್ಲಿ ಒಂದು ಹೀಗೆ ಭಾಷೆಯ ಭೇದದಿಂದ ಹಸಿದ ವಿಧವೆಯರ ಸಲುವಾಗಿ ಆಯಿತು. ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ವಾರದ ಮೊದಲ ದಿನ ಸಂಪಾದನೆಗೆ ತಕ್ಕಷ್ಟು ತೆಗೆದಿಡಲು ಬರೆದ. ಒತ್ತಾಯದಿಂದ ಬೇಡ, ಮನಸ್ಸಿದ್ದು ಕೊಡಿ ಎಂದ. ಯಾಕೋಬನ ಪತ್ರಿಕೆ ಅನಾಥರನ್ನೂ ವಿಧವೆಯರನ್ನೂ ಅವರ ಕಷ್ಟದಲ್ಲಿ ಹೋಗಿ ನೋಡುವುದನ್ನೇ ಭಕ್ತಿಯ ಲಕ್ಷಣಗಳಲ್ಲಿ ಮುಂದಿಟ್ಟಿತು. ಹೋಗಿ ನೋಡಬೇಕು ಎಂಬ ಮಾತು ಇಲ್ಲಿ ಮುಖ್ಯ. ಬರಿಯ ಕಳಿಸಿಕೊಡುವಿಕೆ ಸಾಲದು.

ಹೀಬ್ರೂವಿನಲ್ಲಿ ದಾನಕ್ಕೆ ಬಳಕೆಯಾಗುವ ‘ತ್ಸೆದಾಕಾ’ ಪದದ ಮೂಲ ಅರ್ಥ ನ್ಯಾಯ, ನೀತಿ. ಕನ್ನಡದ ‘ಧರ್ಮ’ವೂ ಹೀಗೆಯೇ ಎರಡನ್ನೂ ಹೊತ್ತ ಮಾತು. ಧರ್ಮಾಸ್ಪತ್ರೆ, ಧರ್ಮಛತ್ರ, ಬಾಗಿಲಲ್ಲಿ ನಿಂತು ‘ಧರ್ಮ ಮಾಡಿ’ ಎಂದು ಕೇಳುವ ದನಿ, ಇವುಗಳಲ್ಲಿ ಕೊಡುವುದು ಮತ್ತು ನೆಟ್ಟಗೆ ನಡೆಯುವುದು ಒಂದೇ ಪದದಲ್ಲಿವೆ. ಯೇಸುವಿನ ಗುಡ್ಡದ ಮೇಲಿನ ಪ್ರಸಂಗವನ್ನು ಕನ್ನಡಿಸಿದವರು ದಾನಕ್ಕೆ ‘ಧರ್ಮ’ ಎಂಬ ಮಾತನ್ನೇ ಆರಿಸಿಕೊಂಡದ್ದು ಒಳ್ಳೆಯ ಆಯ್ಕೆ. ಇಂಗ್ಲಿಷಿನಲ್ಲಿ ಮೂಲದ ಎರಡು ಅರ್ಥಗಳು ಬೇರೆ ಬೇರೆ ಪದಗಳಾಗಿ ಒಡೆದವು, ಕನ್ನಡದಲ್ಲಿ ಒಡೆಯಲಿಲ್ಲ.

ಬೈಬಲಿನ ಈ ಬೋಧನೆ ಶಿವಮೊಗ್ಗ ಸೀಮೆಗೆ ಬಂದಾಗ ನೆಲ ಬರಿದಾಗಿರಲಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ, ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದುದನ್ನು ಹೇಳುವ ಉಸಿರಿನಲ್ಲೇ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಸಿಗುತ್ತಿದ್ದುದನ್ನೂ ರೋಗಿಗಳಿಗೆ ಔಷಧ ದೊರೆಯುತ್ತಿದ್ದುದನ್ನೂ ಹೇಳುತ್ತದೆ. ಹೊಂಬುಜದ ಜೈನರು ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಬಲ್ಲವರು. ಅಲ್ಲಮನನ್ನೂ ಅಕ್ಕಮಹಾದೇವಿಯನ್ನೂ ಕೊಟ್ಟ ಇದೇ ಶಿಕಾರಿಪುರದ ಆಸುಪಾಸಿನಲ್ಲಿ ಶರಣರ ದಾಸೋಹದ ಅರ್ಥ ಜನರಿಗೆ ತಿಳಿದಿತ್ತು. ದಾಸೋಹದಲ್ಲಿ ನೀಡುವವನು ಒಡೆಯನಲ್ಲ, ಒಡೆತನ ದೇವರದು, ಬಡಿಸುವವನು ಆಳು. ಯಾಜಕಕಾಂಡದ 25ನೇ ಅಧ್ಯಾಯ ಭೂಮಿ ದೇವರದು, ಅದರ ಮೇಲೆ ಬದುಕುವವರೆಲ್ಲ ಅಲ್ಲಿ ಇಳಿದುಕೊಂಡ ಪರದೇಶಿಗಳು ಎನ್ನುವಾಗ ಎರಡು ದಾರಿಗಳು ಬಹಳ ಹತ್ತಿರ ಬರುತ್ತವೆ.

ಮೈಸೂರು ಸೀಮೆಯಲ್ಲಿ ಕ್ರೈಸ್ತ ಸಭೆಯ ದಾನಕಾರ್ಯ ಎದ್ದು ಕಾಣುವುದು ಶ್ರೀರಂಗಪಟ್ಟಣದ ಪತನದ ನಂತರ. ಚೆದುರಿಹೋಗಿದ್ದ ಕಥೋಲಿಕರನ್ನು ಕೂಡಿಸಲು 1799ರ ಬಳಿಕ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ನೆಲೆ ತಪ್ಪಿದ ಕುಟುಂಬಗಳಿಗೆ ಬೇಸಾಯದ ನೆಲೆ ಮಾಡಿಕೊಟ್ಟರು, ಸಿಡುಬಿನ ವಿರುದ್ಧ ಲಸಿಕೆ ಹಾಕುವ ಕೆಲಸವನ್ನು ಮುಂದೆ ನಿಂತು ನಡೆಸಿದರು.  ಪ್ರಾಟೆಸ್ಟೆಂಟರ ಕಡೆ ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲನ್ನು ಕನ್ನಡದಲ್ಲಿ ದೊರಕುವಂತೆ ಮಾಡಿದ್ದರು. ವೆಸ್ಲಿಯನ್ ಮಿಶನ್ನಿನ ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ನೆಲೆನಿಂತರು. ಅದೇ ಶತಮಾನದ ಉತ್ತರಾರ್ಧದಲ್ಲಿ ಶಿವಮೊಗ್ಗವೂ ಆ ಮಿಶನ್ನಿನ ಠಾಣೆಗಳಲ್ಲಿ ಒಂದಾಯಿತು.

ಬೋಧನೆಯ ನಿಜವಾದ ಪರೀಕ್ಷೆ ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ನಡೆಯಿತು. 1876ರಿಂದ 1878ರವರೆಗಿನ ಆ ಬರದ ಹೆಸರೇ ಕನ್ನಡದಲ್ಲಿ ಧಾತು-ಈಶ್ವರ ಬರ. 1871ರ ಜನಗಣತಿಯಲ್ಲಿ 50.55 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41.86 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಕುಗ್ಗಿತು. ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗ ಮಳೆಯ ಕೃಪೆಯಿಂದ ಅಷ್ಟಿಷ್ಟು ಉಸಿರಾಡಿತು; ಆಗ ಇದೇ ಜಿಲ್ಲೆಗೆ ಸೇರಿದ್ದ ಚನ್ನಗಿರಿ, ಹೊನ್ನಾಳಿಯಂಥ ಬಯಲುಸೀಮೆಯ ಕಡೆಗೆ ಆ ಕೃಪೆ ಇರಲಿಲ್ಲ. ಸರ್ಕಾರ ಗಂಜಿಯ ಶಿಬಿರಗಳನ್ನು ತೆರೆಯಿತು, ಲಂಡನ್ನಿನಲ್ಲಿ ಬರಪರಿಹಾರಕ್ಕೆಂದು ಮ್ಯಾನ್ಷನ್ ಹೌಸ್ ನಿಧಿ ಕೂಡಿತು. ಬರ ತೀರಿ ಶಿಬಿರಗಳು ಮುಚ್ಚುವ ಹೊತ್ತಿಗೆ ಯಾರೂ ಕರೆದೊಯ್ಯಲು ಬಾರದ ಮಕ್ಕಳು ಉಳಿದರು.

ಆ ಮಕ್ಕಳಲ್ಲಿ ಅನೇಕರನ್ನು ಮಿಶನ್ನುಗಳು ತೆಗೆದುಕೊಂಡವು. ವೆಸ್ಲಿಯನ್ನರ ಅನಾಥಾಶ್ರಮಗಳು ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ ನಡೆದವು. ಊಟ, ಬಟ್ಟೆ, ಓದುಬರಹದ ಜೊತೆಗೆ ಕೈಕಸುಬು ಕಲಿಸುವುದು ಅಂದಿನ ಮಿಶನ್ ಆಶ್ರಮಗಳ ರೂಢಿ: ಹುಡುಗರಿಗೆ ಮರಗೆಲಸ, ಹುಡುಗಿಯರಿಗೆ ಹೊಲಿಗೆ, ಅಡುಗೆ. ಓದಿನಲ್ಲಿ ಮುಂದಾದವರು ಉಪಾಧ್ಯಾಯರೂ ಉಪದೇಶಿಗಳೂ ಆದರು. ಸಂಸ್ಥಾನದ ಕನ್ನಡ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ತಲೆಮಾರುಗಳ ಹಿಂದಕ್ಕೆ ಹೋದರೆ ವಂಶಾವಳಿ ಈ ಬರದಲ್ಲಿ ನಿಂತುಬಿಡುವ ಮನೆಗಳಿವೆ. ಅದರಾಚೆ ಊರಿನ ಹೆಸರಿಲ್ಲ, ಅಜ್ಜನ ಹೆಸರಿಲ್ಲ.

ಈ ಕೆಲಸಕ್ಕೆ ಇನ್ನೊಂದು ಮುಖವೂ ಇತ್ತು, ಅದನ್ನು ಮರೆಸಿ ಬರೆದ ಚರಿತ್ರೆ ಪ್ರಾಮಾಣಿಕವಲ್ಲ. ಆಶ್ರಮ ಸೇರಿದ ಮಕ್ಕಳು ಕ್ರೈಸ್ತರಾಗಿ ಬೆಳೆದರು. ಹಸಿವಿನ ಬೆಲೆಗೆ ಮಕ್ಕಳ ಜಾತಿ ಮತಗಳನ್ನು ಕೊಂಡರೆಂಬ ಆಕ್ಷೇಪ ಆಗಲೇ ಎದ್ದಿತು, ಈಗಲೂ ಅಡಗಿಲ್ಲ. ಮಿಶನರಿಗಳು ತಮ್ಮ ನಂಬಿಕೆಯನ್ನು ಮಗುವಿಗೆ ಕೊಡುವುದೂ ಅನ್ನ ಕೊಟ್ಟಂತೆಯೇ ಎಂದು ನಂಬಿದ್ದರು. ಮಗುವಿನ ಬಂಧುಗಳ, ಜಾತಿಯವರ ಕಣ್ಣಿಗೆ ಅದು ಕಳೆದುಕೊಂಡಂತೆ ಕಂಡಿತು. ಧರ್ಮೋಪದೇಶಕಾಂಡದ ಕಟ್ಟಳೆಯನ್ನೇ ಅಳತೆಗೋಲು ಮಾಡಿಕೊಂಡರೆ, ಹಕ್ಕಲಾಯುವ ಪರದೇಶಿಗೆ ಅಲ್ಲಿ ಯಾವ ಷರತ್ತೂ ಇಲ್ಲ. ರೂತಳಿಗೆ ತೆನೆ ಸಿಕ್ಕಿದ್ದು ಆಕೆ ಮೋವಾಬಿನವಳೆಂದು ಎಲ್ಲರೂ ಗುರುತಿಸುತ್ತಿದ್ದಾಗಲೇ. ಹಾಗೆಯೇ, ಆ ಮಕ್ಕಳನ್ನು ಎತ್ತಿಕೊಳ್ಳಲು ಆ ದಿನ ಬೇರೆ ಕೈಗಳು ಬಹಳ ಇರಲಿಲ್ಲ ಎಂಬುದೂ ನಿಜ. ಟೀಕೆಯಿಂದ ಒಳ್ಳೆಯ ಫಲವೂ ಬಂತು. ಇತರ ಸಮುದಾಯಗಳ ಹಿರಿಯರು ತಮ್ಮದೇ ಆಶ್ರಯಗಳನ್ನು ಕಟ್ಟಲು ಹೊರಟರು. ಮೈಸೂರಿನಲ್ಲಿ ‘ತಾತಯ್ಯ’ನವರೆಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯಕ್ಕಾಗಿ ದುಡಿದದ್ದು ಅಂಥ ಕೆಲಸ.

ದೊಡ್ಡ ಆಶ್ರಮಗಳ ಕಥೆ ವರದಿಗಳಲ್ಲಿ ಸಿಗುತ್ತದೆ. ಸಣ್ಣ ಸಭೆಗಳಲ್ಲಿ ದಾನ ನಡೆದ ಬಗೆ ಅಡುಗೆಮನೆಯಲ್ಲಿದೆ. ದಕ್ಷಿಣ ಭಾರತದ ಕ್ರೈಸ್ತರಲ್ಲಿ ಹಿಡಿ ಅಕ್ಕಿಯ ಪದ್ಧತಿ ಹಳೆಯದು. ತಮಿಳು ಸಭೆಗಳು ಅದನ್ನು ಪಿಡಿ ಅರಿಸಿ ಎಂದವು, ಕೇರಳದವರು ಪಿಡಿಯರಿ ಎಂದರು. ಕೇರಳದಲ್ಲಿ ಶಾಲೆಗೆ ಬರುವ ಬಡಮಕ್ಕಳ ಊಟಕ್ಕೆಂದು ಅದನ್ನು ಹಬ್ಬಿಸಿದ ಕೀರ್ತಿ ಸಂತ ಕುರಿಯಾಕೋಸ್ ಏಲಿಯಾಸ್ ಚಾವರ ಅವರದು. ಕನ್ನಡದ ಮಠಗಳ ಪ್ರಸಾದನಿಲಯಗಳಿಗೆ ಮನೆಮನೆಯಿಂದ ಕೂಡಿಬಂದ ಮುಷ್ಟಿಧಾನ್ಯವೂ ಇದೇ ಜಾತಿಯದು. ಯಾರಿಂದ ಯಾರು ಕಲಿತರು ಎಂದು ಹುಡುಕುವ ಅಗತ್ಯವಿಲ್ಲದಷ್ಟು ಸಹಜವಾದ ಕೆಲಸ ಇದು.

ನಡೆಯುವ ರೀತಿ ಸರಳ. ಮನೆಯ ಹೆಂಗಸು ಹೊತ್ತಿನ ಅಡುಗೆಗೆ ಅಕ್ಕಿ ಅಳೆದುಕೊಂಡ ಮೇಲೆ, ತೊಳೆಯುವ ಮೊದಲು, ಆ ಅಳತೆಯೊಳಗಿಂದಲೇ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾಳೆ. ಮೂಟೆಯಿಂದ ತೆಗೆದರೆ ಅದು ಲೆಕ್ಕವಲ್ಲ. ಅಳೆದದ್ದರಿಂದ ತೆಗೆದಾಗ ಮನೆಯವರ ತಟ್ಟೆಯಲ್ಲಿ ಅಷ್ಟು ಕಡಿಮೆಯಾಗುತ್ತದೆ, ಎರಡು ಕಾಸಿನ ವಿಧವೆಯ ಪಾಠ ಅದು. ವಾರದ ಕೊನೆಗೆ ಡಬ್ಬಿಯ ಅಕ್ಕಿ ಬಟ್ಟೆಯ ಚೀಲದಲ್ಲಿ ಚರ್ಚಿಗೆ ಬರುತ್ತದೆ. ಕೂಡಿದ ರಾಶಿಯಲ್ಲಿ ಸಣ್ಣಕ್ಕಿ, ದಪ್ಪಕ್ಕಿ, ಕುಸುಬಲಕ್ಕಿ ಎಲ್ಲ ಬೆರೆತಿರುತ್ತದೆ, ಯಾರ ಮನೆಯದು ಯಾವುದೆಂದು ಹೇಳಲಾಗುವುದಿಲ್ಲ. ಹಿಡಿಗೆ 50 ಗ್ರಾಂ ಎಂದಿಟ್ಟುಕೊಂಡರೆ ದಿನಕ್ಕೊಂದು ಹಿಡಿಯಂತೆ ಒಂದು ಮನೆಯಿಂದ ತಿಂಗಳಿಗೆ ಒಂದೂವರೆ ಕಿಲೊ. ನಲವತ್ತು ಮನೆಯ ಸಭೆಯಲ್ಲಿ 60 ಕಿಲೊ. ದುಡಿಯುವವರಿಲ್ಲದ ಎರಡು ಮೂರು ಸಣ್ಣ ಸಂಸಾರಗಳು ತಿಂಗಳು ಕಳೆಯಲು ಅದು ಸಾಕು.

ಹಿಡಿ ಅಕ್ಕಿ ದಿನದಿನದ್ದಾದರೆ ಸುಗ್ಗಿಯ ಹಬ್ಬದ ಕಾಣಿಕೆ ವರ್ಷಕ್ಕೊಮ್ಮೆಯದು. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಪ್ರಥಮಫಲವೆಂದು ಭತ್ತದ ತೆನೆ, ಬಾಳೆಗೊನೆ, ಕುಂಬಳಕಾಯಿ, ಕೋಳಿ, ಮೊಟ್ಟೆ ತಂದಿಟ್ಟು ಆರಾಧನೆ ಮುಗಿದ ಮೇಲೆ ಹರಾಜು ಹಾಕುವುದು ವಾಡಿಕೆ. ಒಬ್ಬರು ಕೂಗಿ ಪಡೆದ ಕುಂಬಳಕಾಯಿಯನ್ನು ಮತ್ತೆ ಮೇಜಿನ ಮೇಲಿಡುತ್ತಾರೆ, ಅದೇ ಕಾಯಿ ಮೂರು ಸಲ ಮಾರಾಟವಾಗುತ್ತದೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕಥೋಲಿಕರಿಗೆ ಸೆಪ್ಟೆಂಬರ್ 8ರ ಮೊಂತಿ ಹಬ್ಬ ತೆನೆಯ ಹಬ್ಬ: ಆಶೀರ್ವಾದಗೊಂಡ ಹೊಸ ತೆನೆಯ ಕಾಳನ್ನು ಅಂದಿನ ಊಟದಲ್ಲಿ ಬೆರೆಸಿ ಮನೆಮಂದಿ ಒಟ್ಟಾಗಿ ಉಣ್ಣುತ್ತಾರೆ.

ಭದ್ರಾವತಿಯ ಕಥೆ ತೆನೆಯದಲ್ಲ, ಬೆಂಕಿಯದು. ಭದ್ರಾ ನದಿಯ ದಂಡೆಯಲ್ಲಿದ್ದ, ಮುಂದೆ ಭದ್ರಾವತಿಯಾದ ಬೆಂಕಿಪುರ ಎಂಬ ಸಣ್ಣ ಊರಿನಲ್ಲಿ ಮೈಸೂರು ಸಂಸ್ಥಾನ 1918ರಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿತು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಹರಿದಿತ್ತು, ಮಲೆನಾಡಿನ ಕಾಡು ಇದ್ದಿಲು ಕೊಟ್ಟಿತು, ಕೆಮ್ಮಣ್ಣುಗುಂಡಿ ಅದಿರು ಕೊಟ್ಟಿತು. 1923ರಲ್ಲಿ ಕುಲುಮೆ ಉರಿಯತೊಡಗಿತು; ಆ ವರ್ಷವೇ ಸರ್ ಎಂ. ವಿಶ್ವೇಶ್ವರಯ್ಯ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿದರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ತಮಿಳು, ತೆಲುಗು, ಮಲಯಾಳ ಸೀಮೆಗಳಿಂದ, ಕೋಲಾರದ ಕಡೆಯಿಂದ, ಕರಾವಳಿಯಿಂದ ಜನ ಕೆಲಸ ಹುಡುಕಿ ಬಂದರು. ಹಳೇನಗರದಾಚೆ ನ್ಯೂಟೌನ್, ಪೇಪರ್ ಟೌನ್, ಜನ್ನಾಪುರ ಬೆಳೆದವು. ಮುಂದೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಕೆಲಸ ಇನ್ನಷ್ಟು ಜನರನ್ನು ಸೆಳೆಯಿತು, ಶರಾವತಿಯ ಮುಳುಗಡೆಯಿಂದ ಮನೆ ಕಳೆದುಕೊಂಡವರಲ್ಲಿ ಹಲವರಿಗೆ ಶಿವಮೊಗ್ಗ, ಭದ್ರಾವತಿಯ ಸುತ್ತ ಪುನರ್ವಸತಿಯ ಜಾಗ ಸಿಕ್ಕಿತು. ಹೀಗೆ ಪರದೇಶಿಗಳು ಕೂಡಿ ಕಟ್ಟಿದ ಊರು ಇದು.

ಹೀಗೆ ಬಂದವರಲ್ಲಿ ಕ್ರೈಸ್ತರೂ ಇದ್ದರು. ಅವರ ಸಭೆಗಳಲ್ಲಿ ಬೈಬಲಿನ ಬೋಧನೆಗೆ ಹೊಸ ರೂಪ ಬೇಕಾಯಿತು. ಹೊಲವಿಲ್ಲದವನು ಅಂಚಿನಲ್ಲಿ ಏನು ಬಿಟ್ಟಾನು? ಸಂಬಳದ ದಿನ ಕೈಗೆ ಬಂದ ನೋಟಿನಿಂದ ದಶಮಾಂಶ ಅಥವಾ ಕಾಣಿಕೆ ತೆಗೆದು ಲಕೋಟೆಗೆ ಹಾಕುವುದು ಆ ರೂಪ. ಪೌಲ ಕೊರಿಂಥದ ಪಟ್ಟಣಿಗರಿಗೆ ಹೇಳಿದ್ದು ಕಾರ್ಖಾನೆಯ ಊರಿಗೆ ಮೋಶೆಯ ಕಟ್ಟಳೆಗಿಂತ ಸುಲಭವಾಗಿ ಹೊಂದಿತು. ಅನಾಥರಾಗುವ ಬಗೆಯೂ ಇಲ್ಲಿ ಬೇರೆ. ಕರಗಿದ ಲೋಹ, ಉರುಳುವ ಗಾಲಿ, ಬಿಸಿ ಬೂದಿಯ ನಡುವಿನ ದುಡಿಮೆಯಲ್ಲಿ ಮನೆಯ ಯಜಮಾನ ಹೋದರೆ ಹೆಂಡತಿ ಮಕ್ಕಳಿಗೆ ಸಂಬಳದ ಜೊತೆಗೇ ಕಾರ್ಖಾನೆಯ ವಸತಿಗೃಹವೂ ಕೈತಪ್ಪುವ ಭಯ. ಬಂಧುಗಳಿರುವುದು ಸೇಲಂನಲ್ಲೋ ತ್ರಿಶೂರಿನಲ್ಲೋ. ಅಂಥ ಮನೆಗೆ ಮೊದಲು ಬಂದು ಕೂರುವವರು ಅಕ್ಕಪಕ್ಕದ ಕ್ವಾರ್ಟರ್ಸಿನವರು ಮತ್ತು ಸಭೆಯವರು.

ಕಥೋಲಿಕ ಧರ್ಮಕೇಂದ್ರಗಳಲ್ಲಿ ಈ ಕೆಲಸಕ್ಕೆ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಎಂಬ ಸಂಘಟನೆಯಿದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜಾನಾಂ ಮತ್ತು ಗೆಳೆಯರು ಆರಂಭಿಸಿದ ಈ ಗೃಹಸ್ಥರ ಸಂಘದ ಕ್ರಮ ಯಾಕೋಬನ ಪತ್ರಿಕೆಯ ಆ ಮಾತಿಗೆ ತೀರ ಹತ್ತಿರ. ಸದಸ್ಯರು ಸಾಮಾನ್ಯವಾಗಿ ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗಿ ಕೂತು ಮಾತಾಡಿ ಬರಬೇಕು. ಕೂಟದ ಕೊನೆಗೆ ತಿರುಗುವ ಚೀಲಕ್ಕೆ ಕೈ ಒಳಗಿಟ್ಟು ಹಣ ಹಾಕುವುದರಿಂದ ಯಾರು ಎಷ್ಟು ಕೊಟ್ಟರೆಂದು ತಿಳಿಯದು. ನೆರವು ಪಡೆದ ಮನೆಯ ಹೆಸರೂ ಹೊರಗೆ ಬೀಳಬಾರದು. ಕೊಡುವ ಕೈ ಕಾಣದಂತಿರಲಿ ಎಂಬ ಗುಡ್ಡದ ಮೇಲಿನ ಪ್ರಸಂಗದ ಬೋಧನೆಯನ್ನು ಇಷ್ಟು ಅಚ್ಚುಕಟ್ಟಾಗಿ ನಡೆಗೆ ತಂದ ಪದ್ಧತಿ ಅಪರೂಪ. ಸಮಾರಂಭದ ವೇದಿಕೆಯಲ್ಲಿ ಮಗುವಿನ ಕೈಗೆ ಪುಸ್ತಕ ಕೊಟ್ಟು ಫೋಟೊ ತೆಗೆಸಿಕೊಳ್ಳುವ ಇಂದಿನ ರೂಢಿ ಇದಕ್ಕೆ ನೇರ ವಿರುದ್ಧವಾದದ್ದು, ಮಗುವಿನ ಮಾನದ ದೃಷ್ಟಿಯಿಂದ ಅದು ತಪ್ಪೇ.

ಭಾಷೆಯ ಪ್ರಶ್ನೆ ಇಲ್ಲೂ ಇತ್ತು. ಕನ್ನಡ, ತಮಿಳು, ಮಲಯಾಳ, ಕೊಂಕಣಿ, ತೆಲುಗು ಮನೆಮಾತಿನವರು ಒಂದೇ ಊರಿನಲ್ಲಿ ಆರಾಧನೆಗೆ ಸೇರುವಾಗ ಯಾರ ವಿಧವೆಗೆ ಮೊದಲು ಎಂಬ ಮಾತು ಏಳುವುದು ಸಹಜ, ಯೆರೂಸಲೇಮಿನ ಏಳು ಮಂದಿಯ ನೇಮಕಕ್ಕೆ ಕಾರಣವಾದದ್ದೂ ಅಂಥದೇ ಮಾತು. ಆಡಳಿತದ ಚೌಕಟ್ಟುಗಳು ಕಾಲಕಾಲಕ್ಕೆ ಬದಲಾದವು. 1947ರ ಸೆಪ್ಟೆಂಬರ್ 27ರಂದು ವೆಸ್ಲಿಯನ್ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಕಥೋಲಿಕರಿಗೆ 1963ರಲ್ಲಿ ಚಿಕ್ಕಮಗಳೂರು, 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರಗಳು ಆದವು, ಶಿವಮೊಗ್ಗದ ಬಿ.ಎಚ್. ರಸ್ತೆಯ ಪವಿತ್ರ ಹೃದಯದ ದೇವಾಲಯ ಈಗ ಶಿವಮೊಗ್ಗ, ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಿಗೆ ಪ್ರಧಾನಾಲಯ. ಕೇರಳದಿಂದ ಬಂದು ನೆಲೆಸಿದ ಸಿರೋ ಮಲಬಾರ್ ಕಥೋಲಿಕರಿಗಾಗಿ 2007ರಲ್ಲಿ ಭದ್ರಾವತಿಯೇ ಪ್ರತ್ಯೇಕ ಧರ್ಮಕ್ಷೇತ್ರವಾಯಿತು. ಕಾರ್ಖಾನೆಗೆ ಬಂದ ಪರದೇಶಿಗಳ ಊರು ಒಂದು ಶತಮಾನದೊಳಗೆ ಬಿಷಪ್ಪರ ಪೀಠವಾಯಿತು.

ಅನಾಥ ಮಕ್ಕಳ ಹೊಣೆ ಈ ನಡುವೆ ಸಭೆ, ಮಠ, ಜಮಾತುಗಳ ಕೈಯಿಂದ ಮೆಲ್ಲಗೆ ಕಾನೂನಿನ ಕಡೆಗೆ ಸರಿದಿದೆ. 1960ರಲ್ಲಿ ಅನಾಥಾಲಯಗಳ ಮೇಲ್ವಿಚಾರಣೆಗೆ ಕೇಂದ್ರದ ಕಾಯ್ದೆ ಬಂತು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಯಾವ ಧರ್ಮದವರು ನಡೆಸುವ ಮಕ್ಕಳ ಆಶ್ರಯವಾದರೂ ನೋಂದಣಿಯಾಗಲೇಬೇಕು. ಮಗುವನ್ನು ಎಲ್ಲಿರಿಸಬೇಕೆಂದು ತೀರ್ಮಾನಿಸುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಆಶ್ರಮ ಕೊನೆಯ ದಾರಿ, ಮೊದಲು ಅಜ್ಜಿಯ ಮನೆಯೋ ಚಿಕ್ಕಪ್ಪನ ಮನೆಯೋ ಸಾಧ್ಯವೇ ಎಂದು ನೋಡಬೇಕು ಎಂಬುದು ಕಾಯ್ದೆಯ ಒಲವು. ಬರಗಾಲದ ಆಶ್ರಮಗಳ ವಿರುದ್ಧ ಎದ್ದ ಆಕ್ಷೇಪಕ್ಕೆ ಇದು ತಡವಾಗಿ ಬಂದ ಸರಿಯಾದ ಉತ್ತರ. 2021ರಲ್ಲಿ ಕೋವಿಡ್ ಅನೇಕ ಮಕ್ಕಳ ತಂದೆತಾಯಿಗಳನ್ನು ಒಯ್ದಾಗ ಕರ್ನಾಟಕ ಸರ್ಕಾರ ಬಾಲಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ಘೋಷಿಸಿತು; ಕೇಂದ್ರದ ಯೋಜನೆ ಅಂಥ ಮಕ್ಕಳಿಗೆ 23 ವರ್ಷ ತುಂಬಿದಾಗ 10 ಲಕ್ಷ ರೂಪಾಯಿ ಸಿಗುವಂತೆ ಮಾಡಿತು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಬಂಧುಗಳ ಮನೆಯಲ್ಲೇ ಬೆಳೆಯುವ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಲ್ಲುತ್ತದೆ. ಮೂರು ವರ್ಷಕ್ಕೊಮ್ಮೆ ಊರಬಾಗಿಲಿನಲ್ಲಿ ಕೂಡಿಡುತ್ತಿದ್ದ ದಶಮಾಂಶದ ಹಾಗೆ ಇದು ಯಾರ ಕೃಪೆಯೂ ಅಲ್ಲದ ಪಾಲು, ಕೇಳಿ ಪಡೆಯಬಹುದಾದ ಪಾಲು.

ಭದ್ರಾವತಿಯಲ್ಲಿ ಈಗ ಕೊಡುವವರ ಕೈಯೇ ಸೊರಗಿದೆ. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು ಗುತ್ತಿಗೆ ಕಾರ್ಮಿಕರು ದೀರ್ಘಕಾಲ ಧರಣಿ ಕೂತರು. ಸಂಬಳದ ದಿನವೇ ಇಲ್ಲದ ಮನೆಯಲ್ಲಿ ಕಾಣಿಕೆಯ ಲಕೋಟೆ ಬರಿದಾಗಿ ಉಳಿಯುತ್ತದೆ, ಮಕ್ಕಳು ಬೆಂಗಳೂರಿಗೋ ಕೊಲ್ಲಿಯ ನಾಡಿಗೋ ಹೋಗಿ ಅಲ್ಲಿ ಪರದೇಶಿಗಳಾಗುತ್ತಾರೆ. ಮಕೆದೋನ್ಯದ ಸಭೆಗಳು ತಮ್ಮ ಕಡುಬಡತನದಲ್ಲೇ ಯೆರೂಸಲೇಮಿನವರಿಗೆ ಕೂಡಿಸಿಕೊಟ್ಟದ್ದನ್ನು ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರಿಕೆಯಲ್ಲಿ ಬೆರಗಿನಿಂದ ನೆನೆಯುತ್ತಾನೆ. ನೋಟಿನ ಕಾಣಿಕೆ ಕುಗ್ಗಿದ ಸಭೆಗಳಿಗೆ ಹಿಡಿ ಅಕ್ಕಿಯಂಥ ಹಳೆಯ ಕ್ರಮಗಳು ಇಂದಿಗೂ ಕೈಗೆಟುಕುವಂಥವು, ಅವಕ್ಕೆ ಸಂಬಳದ ದಿನ ಬೇಕಿಲ್ಲ. ಅಳೆದ ಪಾವಿನೊಳಗಿಂದ ಒಂದು ಹಿಡಿ, ತೊಳೆಯುವ ಮೊದಲು.